ಬಾಣಂತಿ ಖೋಲಿಯೋ, ಬಸ್‌ಸ್ಟ್ಯಾಂಡ್ ಹೋಟೆಲೋ?

ಸೆಂಟಿಗೂ ಈಗ ಹಂಗಾಮು ಬಂದಿದೆ. ಮುಂಗಾರಿಗೆ ತೊಗರಿ, ಹಿಂಗಾರಿಗೆ ಬಿಳಿಜೋಳ ಎಂದು ಲೆಕ್ಕ ಹಾಕುತ್ತಲೇ ಬೆಳೆದ ನಮಗೆ ಇದು ತಿಳಿಯದ ಮಾತೇನಲ್ಲ. ಬೇಸಿಗೆಗೆ ಲಿಂಬೆ, ಮಲ್ಲಿಗೆ, ಲಾವಂಚ. ಥಂಡಿ ಬಿದ್ದ ಕೂಡಲೆ ವೆನಿಲಾ, ಕ್ಯಾರಮೆಲ್, ಬಾದಾಮಿ, ಖರ್ಜೂರ, ಕಾಫಿ. ಈ ಎರಡನೇ ಗುಂಪಿಗೆ ಪೇಟೆಯಲ್ಲಿ ‘ಗುರ್ಮಾಂಡ್’ ಎನ್ನುತ್ತಾರೆ. ತಿನ್ನುವ ಪದಾರ್ಥದ ವಾಸನೆಯನ್ನು ಮೈಗೆ ಹಚ್ಚಿಕೊಳ್ಳುವ ಸೆಂಟು ಅಂತ ತಿಳಿದರೆ ಸಾಕು. ನಮ್ಮ ಕಡೆ ಹೆಣ್ಣುಮಕ್ಕಳು ಮದುವೆಗೆ ಹೊರಡುವ ಮುಂಚೆ ಅಡುಗೆಮನೆಯ ಯಾವ ವಾಸನೆಯನ್ನು ಸೋಪು ಹಚ್ಚಿ ಹಚ್ಚಿ ತೊಳೆದುಕೊಳ್ಳುತ್ತಾರೋ, ಅದೇ ವಾಸನೆಯನ್ನು ದುಡ್ಡು ಕೊಟ್ಟು ತಂದು ಕಿವಿಯ ಹಿಂದೆ ಹಚ್ಚಿಕೊಳ್ಳುವ ಕಾಲ ಬಂತು.

ನಮ್ಮದು ನಾಲ್ಕು ತಾಲೂಕಿನ ಸಂಸಾರ. ಮನೆ ಇಂಡಿ. ಹೆಂಡತಿಯ ತವರು ಸಿಂದಗಿ. ತಂಗಿಯನ್ನು ಕೊಟ್ಟದ್ದು ಮುದ್ದೇಬಿಹಾಳಕ್ಕೆ, ಅಕ್ಕನನ್ನು ಬಸವನ ಬಾಗೇವಾಡಿಗೆ. ಹೀಗಾಗಿ ಯಾವ ವಿಷಯ ಎತ್ತಿದರೂ ನಾಲ್ಕು ಅಭಿಪ್ರಾಯ ಪುಕ್ಕಟೆ ಸಿಗುತ್ತವೆ, ಅವುಗಳಲ್ಲಿ ಎರಡು ಒಂದಕ್ಕೊಂದು ಕೂಡಿದ ಉದಾಹರಣೆ ಇಲ್ಲ. ಈ ಸಲ ವಿಷಯ ತಂದವಳು ಬೆಂಗಳೂರಿನಲ್ಲಿ ಕೆಲಸಕ್ಕಿರುವ ತಂಗಿಯ ಮಗಳು. ಬಾಗೇವಾಡಿಯಲ್ಲಿ ಅವಳ ಗೆಳತಿಯ ಮದುವೆ. ಧನುರ್ಮಾಸ ಹತ್ತುವುದರೊಳಗೆ ಮುಗಿಸಬೇಕೆಂದು ಅವಸರದ ಮುಹೂರ್ತ. ಅಷ್ಟರಲ್ಲಿ ದುಬೈಯಲ್ಲಿರುವ ಅವಳ ಕಾಕಾನ ಮಗ ಊರಿಗೆ ಬಂದವನು ಎರಡು ಬಾಟಲಿ ಕೈಗಿಟ್ಟು, ‘ಒಂದು ನೀ ಇಟ್ಕೋ, ಇನ್ನೊಂದು ಯಾರಿಗರೆ ಕೊಡು’ ಅಂದಿದ್ದ. ಅಲ್ಲಿಗೆ ಹುಡುಗಿಯ ನಿದ್ದೆ ಹೋಯಿತು. ಒಂದೇ ತಂದಿದ್ದರೆ ಸುಮ್ಮನೆ ಹಚ್ಚಿಕೊಂಡು ಹೋಗುತ್ತಿದ್ದಳು. ಎರಡು ತಂದದ್ದಕ್ಕೆ ಮುದ್ದೇಬಿಹಾಳದಿಂದ ಬಸ್ಸು ಹತ್ತಿ ಇಂಡಿಗೆ ಬಂದು, ‘ಮಾಮಾ, ಯಾವುದು ಇಟ್ಕೊಳ್ಳಲಿ?’ ಎಂದು ನನ್ನ ಮುಂದೆ ಕೂತಳು. ಸೆಂಟಿನ ವಿಷಯದಲ್ಲಿ ನನ್ನ ಅರ್ಹತೆ ಅಂದರೆ ದಾಡಿ ಮಾಡಿಕೊಂಡ ಮೇಲೆ ಹಚ್ಚುವ ಪಟಕ. ಆದರೂ ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ.

ಎರಡೂ ಲತಾಫಾ ಎಂಬ ಎಮಿರೇಟ್ಸ್ ಕಂಪನಿಯವು. ಒಂದು ‘ಖಮ್ರಾ’, 2022ರಲ್ಲಿ ಪೇಟೆಗೆ ಬಂದದ್ದು. ಇನ್ನೊಂದು ಅದರ ಬೆನ್ನಿಗೆ ಬಿದ್ದ ತಮ್ಮ, ‘ಖಮ್ರಾ ಕಹ್ವಾ’. ದಪ್ಪ ಗಾಜು, ಮೈತುಂಬ ಕೆತ್ತನೆ, ಒಳಗೆ ಕಂದು ಛಾಯೆಯ ನೀರು. ಮೇಜಿನ ಮೇಲೆ ಜೋಡಿಯಾಗಿ ಕೂತದ್ದನ್ನು ಕಂಡ ನಮ್ಮವ್ವ ಮೊದಲು ಕೇಳಿದ್ದು, ‘ಯಾರ ಬಾಟ್ಲಿಬೇ ಇವು? ಮನ್ಯಾಗ ಕುಡಿಯೂ ಹಂತಕ್ಕ ಬಂದ್ರೇನು?’ ಕೇಳಿದ್ದು ಮೊಮ್ಮಗಳನ್ನು, ನೋಡಿದ್ದು ನನ್ನ ಮುಖ.

ಅವ್ವನ ಕಣ್ಣಿಗೆ ಪೊರೆ ಬಂದಿದೆ. ಮೂಗಿಗೆ ಬಂದಿಲ್ಲ. ಹುಡುಗಿ ಮೊದಲನೆಯ ಬಾಟಲಿ ತೆಗೆದು ಶಾಲಿನ ಅಂಚಿಗೆ ಒಂದು ಸಲ ಚಿಮುಕಿಸಿದ್ದೇ ತಡ, ಹೊರಸಿನ ಮೇಲೆ ಒರಗಿದ್ದ ಮುದುಕಿ ಎದ್ದು ಕೂತಳು.

‘ಇದು ಬಾಣಂತಿ ಖೋಲಿ ವಾಸನಿ. ಯಾರ ಹಡದಾರ?’

‘ಆಯಿ, ಇದು ದುಬೈದು!’

‘ಯಾಕ, ದುಬೈದಾಗ ಹಡ್ಯಾಂಗಿಲ್ಲೇನು?’

ಎಲ್ಲರೂ ನಕ್ಕೆವು. ಆಮೇಲೆ ನಾನು ಈ ಸೆಂಟಿನೊಳಗೆ ಏನೇನು ವಾಸನೆ ಕೂಡಿಸಿದ್ದಾರೆ ಎಂಬ ಪಟ್ಟಿಯನ್ನು ಹುಡುಗಿಯ ಮೊಬೈಲಿನಲ್ಲಿ ಓದಿಸಿದೆ. ಓದುತ್ತ ಓದುತ್ತ ಅವಳ ನಗು ಸಣ್ಣದಾಯಿತು. ಮೊದಲು ದಾಲ್ಚಿನ್ನಿ, ಜಾಜಿಕಾಯಿ, ಲಿಂಬೆಯ ಬಳಗದ ಬರ್ಗಮಾಟ್. ನಡುವೆ ಖರ್ಜೂರ, ಸಕ್ಕರೆಪಾಕದಲ್ಲಿ ಹುರಿದ ಬಾದಾಮಿಯ ಪ್ರಾಲಿನ್, ಸುಗಂಧರಾಜ. ಕೊನೆಗೆ ವೆನಿಲಾ, ಟೊಂಕಾ ಬೀಜ, ಬೋಳ, ಲೋಬಾನ.

ಈಗ ಅವ್ವನ ಅಂಟಿನುಂಡಿಯ ಲೆಕ್ಕ ತಗೊಳ್ಳಿ. ಉತ್ತತ್ತಿ, ಒಣಕೊಬ್ಬರಿ, ಬಾದಾಮಿ, ಗೋಡಂಬಿ, ಹುರಿದ ಗಸಗಸಿ, ತುಪ್ಪದಲ್ಲಿ ಅರಳಿಸಿದ ಅಂಟು, ಎಲ್ಲವನ್ನೂ ಹಿಡಿದು ಕೂಡಿಸುವ ಬೆಲ್ಲದ ಪಾಕ, ಮೇಲೆ ಜಾಜಿಕಾಯಿ, ಏಲಕ್ಕಿ. ಥಂಡಿಯಲ್ಲಿ ಮನೆಮಂದಿಗೆಲ್ಲ ದಿನಕ್ಕೊಂದು, ಬಾಣಂತಿಗೆ ಹೊತ್ತಿಗೊಂದು. ಅದೇ ಖೋಲಿಯ ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಗೆ, ತಾಯಿ ಕೂಸು ಎರೆದುಕೊಂಡು ಬಂದ ಮೇಲೆ ಕೆಂಡದ ಮೇಲೆ ಒಂದು ಚಿಟಿಕೆ ಲೋಬಾನ. ಬೋಳ ಅನ್ನುವುದು ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಇನ್ನೊಂದು ಗಿಡದ ಅಂಟು. ಭೀಮಾ ಹೊಳೆ ದಾಟಿ ಸೊಲ್ಲಾಪುರದ ಕಡೆ ಹೋದರೆ ಮರಾಠಿಯವರು ಅದನ್ನು ಕರೆಯುವುದೇ ಬಾಳಂತಬೋಳ ಅಂತ. ಇನ್ನೇನು ಉಳಿಯಿತು? ಸುಗಂಧರಾಜ. ಅದು ಬಾಣಂತಿ ಖೋಲಿಯದಲ್ಲ, ಮದುವೆಯ ಹಾರದ್ದು. ಅಂದರೆ ಹಾರ ಹಾಕಿದ ಗಳಿಗೆಯಿಂದ ತೊಟ್ಟಿಲ ಶಾಸ್ತ್ರದ ತನಕ ಒಂದು ಸಂಸಾರವನ್ನು ಗಾಜಿನೊಳಗಿಟ್ಟು ಮುಚ್ಚಳ ಹಾಕಿದ್ದಾರೆ. ಓದುಬರಹ ಬಾರದ ನಮ್ಮವ್ವ ಒಂದೇ ಉಸಿರಿನಲ್ಲಿ ಆ ಪಟ್ಟಿಯನ್ನು ಓದಿ ಮುಗಿಸಿದ್ದಳು.

ನನ್ನ ಹೆಂಡತಿಗೆ ಬೇರೆಯೇ ಚಿಂತೆ ಹತ್ತಿತು. ‘ಲಗ್ನ ಆಗದ ಹುಡಿಗಿ ಇದನ್ನ ಹಚ್ಕೊಂಡು ಹಂದರದಾಗ ಅಡ್ಡಾಡಿದ್ರ ಬೀಗರ ಕಡೆ ಮುದುಕ್ಯಾರು ಏನೇನ್ ಲೆಕ್ಕ ಹಾಕ್ತಾರೋ ಏನೋ!’

‘ಅತ್ತಿ, ಬೆಂಗಳೂರಿನಾಗ ಎಲ್ಲರೂ ಇದನ್ನೇ ಹಚ್ಕೋತಾರ.’

‘ಅಲ್ಲಿ ಮುದುಕ್ಯಾರು ಕಡಿಮಿ.’

ಎರಡನೇ ಬಾಟಲಿ ಬಿಚ್ಚಿತು. ಈ ಕಹ್ವಾದಲ್ಲಿ ಖರ್ಜೂರ ಇಲ್ಲ, ಬೋಳ ಇಲ್ಲ. ದಾಲ್ಚಿನ್ನಿಯ ಜೊತೆ ಏಲಕ್ಕಿ, ಶುಂಠಿ, ತಳದಲ್ಲಿ ವೆನಿಲಾಕ್ಕೆ ಕಾಫಿಯ ಕಹಿ. ಅವ್ವ ಮೂಗು ಏರಿಸಿ ನಿಂತಳು, ಅರೆಗಳಿಗೆ ಧ್ಯಾನ ಮಾಡಿದಳು.

‘ಸಿಂದಗಿ ಬಸ್‌ಸ್ಟ್ಯಾಂಡ್ ಹೋಟೆಲು.’

‘ಇದು ಕಾಫಿ, ಆಯಿ.’

‘ಅಲ್ಲಿ ಕಾಫಿ ಯಾರ ಕೇಳ್ತಾರ? ಹಸಿ ಅಲ್ಲ ಜಜ್ಜಿ, ಯಾಲಕ್ಕಿ ಹಾಕಿ ಕುದಸಾಕತ್ತಾರ. ಚಹಾನ.’

ಸಿಂದಗಿಯ ಮಗಳಾದ ನನ್ನ ಹೆಂಡತಿ ಸುಮ್ಮನಿರಬೇಕಲ್ಲ. ‘ಸಿಂದಗಿ ಯಾಕ್ರಿ ಅತ್ತಿ? ಇಂಡಿ ಬಸ್‌ಸ್ಟ್ಯಾಂಡಿನಾಗ ಚಹಾ ಕುದಸಂಗಿಲ್ಲೇನು?’ ಅಲ್ಲಿಂದ ಮಾತು ಸೆಂಟನ್ನು ಬಿಟ್ಟು ಮೂವತ್ತು ವರ್ಷದ ಹಿಂದಿನ ಬೀಗತನದ ಕಡೆ ತಿರುಗಿತು. ಅದನ್ನು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ.

ತಣ್ಣಗಾದ ಮೇಲೆ ಹೆಂಡತಿಯೇ ಒಂದು ಪ್ರಶ್ನೆ ಕೇಳಿದಳು. ನಾಲ್ಕು ತಾಲೂಕಿನಲ್ಲಿ ಈ ವಿಷಯಕ್ಕೆ ಹುಟ್ಟಿದ ಒಂದೇ ಶಾಸ್ತ್ರೀಯ ಪ್ರಶ್ನೆ ಅದು: ‘ಇಷ್ಟು ಸಿಹಿ ಐತಿ, ಇರುವಿ ಹತ್ತೂದಿಲ್ಲೇನು?’

ಹತ್ತುವುದಿಲ್ಲ. ಯಾಕಂದರೆ ಆ ಬಾಟಲಿಯಲ್ಲಿ ಸಕ್ಕರೆಯ ಒಂದು ಹರಳೂ ಇಲ್ಲ, ಬೆಲ್ಲದ ಒಂದು ಚೂರೂ ಇಲ್ಲ. ಎಲ್ಲವೂ ಮೂಗಿಗೆ ಹೇಳಿದ ಸುಳ್ಳು. ಈ ಸುಳ್ಳನ್ನು ದೊಡ್ಡ ಪ್ರಮಾಣದಲ್ಲಿ ಹೇಳಿ ಗೆದ್ದದ್ದು 1992ರಲ್ಲಿ ಫ್ರಾನ್ಸಿನಿಂದ ಬಂದ ‘ಏಂಜಲ್’ ಎಂಬ ಸೆಂಟು. ತಿಯರಿ ಮ್ಯೂಗ್ಲರ್ ಎಂಬ ಬಟ್ಟೆ ವಿನ್ಯಾಸಗಾರನಿಗೆ ಚಿಕ್ಕಂದಿನ ಜಾತ್ರೆಯ ನೆನಪು ಬೇಕಾಗಿತ್ತು. ಒಲಿವಿಯೆ ಕ್ರೆಸ್ಪ್ ಎಂಬ ಸೆಂಟುಗಾರ ಈಥೈಲ್ ಮಾಲ್ಟಾಲ್ ಎಂಬ ಪುಡಿಯನ್ನು ಹಿಂದೆಂದೂ ಯಾರೂ ಹಾಕದಷ್ಟು ಸುರಿದು ಆ ನೆನಪನ್ನು ಕಟ್ಟಿಕೊಟ್ಟ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಕಡ್ಡಿಗೆ ಸುತ್ತಿ ಕೊಡುವ ಗುಲಾಬಿ ಬಣ್ಣದ ‘ಬುಡ್ಡಿಕೆ ಬಾಲ್’ ಇದೆಯಲ್ಲ, ಆ ಬಂಡಿಯ ಪಕ್ಕ ನಿಂತರೆ ಮೂಗಿಗೆ ಬಡಿಯುವ ಸುಟ್ಟಸಕ್ಕರೆಯ ವಾಸನೆಯೇ ಈ ಪುಡಿಯ ವಾಸನೆ. ಬರೀ ಸಿಹಿಯಾದರೆ ಓಕರಿಕೆ ಬರುತ್ತದೆಂದು ಅದಕ್ಕೆ ಪಚ್ಚೆತೆನೆಯ ಎಣ್ಣೆ ಕೂಡಿಸಿದ. ಅದೇ ನಮ್ಮ ಹೂವಿನವರು ಮಾಲೆಯ ನಡುವೆ ಸೇರಿಸುವ ಪಚ್ಚೆ, ಮಣ್ಣಿನ ವಾಸನೆಯದು. ಜಾತ್ರೆ ಅಂದಮೇಲೆ ಸ್ವಲ್ಪ ಮಣ್ಣೂ ಬೇಕಲ್ಲ.

ವೆನಿಲಾದ ಸುಳ್ಳು ಇನ್ನೂ ಹಳೆಯದು. 1874ರಲ್ಲೇ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬಿಬ್ಬರು ವೆನಿಲಾ ಬಳ್ಳಿಯ ಹಂಗಿಲ್ಲದೆ ಪೈನ್ ಮರದ ರಸದಿಂದ ಆ ವಾಸನೆ ಮಾಡಿ ತೋರಿಸಿದ್ದರು. ಟೊಂಕಾ ಬೀಜದ ಪರಿಮಳಕ್ಕೆ ಕಾರಣವಾದ ಕೌಮರಿನ್ 1868ರಷ್ಟು ಹಿಂದೆಯೇ ಇಂಗ್ಲೆಂಡಿನ ಪರ್ಕಿನ್ ಎಂಬುವನ ಗಾಜಿನ ಪಾತ್ರೆಯಲ್ಲಿ ಹುಟ್ಟಿತ್ತು. ಹುಲ್ಲು ಕೊಯ್ದು ಒಣಗಲು ಬಿಟ್ಟಾಗ ಬರುವ ಸಿಹಿವಾಸನೆಯೂ ಅದರದೇ. ಹೀಗಿರುವಾಗ ಟೊಂಕಾ ಎಂದು ಕೇಳಿ ಬಾಯಿ ಬಿಡುವ ಅಗತ್ಯ ಹೊಲ ಇದ್ದವರಿಗಿಲ್ಲ.

ಇದೇ ಜಾತಿಯ ಇನ್ನೊಂದು ಕಥೆ ಹೇಳಿ ಮುಂದೆ ಹೋಗುತ್ತೇನೆ. 2005ರಲ್ಲಿ ನ್ಯೂಯಾರ್ಕ್ ಶಹರದ ಮೇಲೆ ಇದ್ದಕ್ಕಿದ್ದಂತೆ ಸಿಹಿ ಪಾಕದ ವಾಸನೆ ಹರಡಿತು. ಜನ ಗಾಬರಿಯಾಗಿ ಫೋನು ಮಾಡಿದರು. ಆಮೇಲೂ ಆಗಾಗ ಬರತೊಡಗಿತು. ಯಾವ ವಿಷಾನಿಲವೋ ಏನೋ ಎಂದು ತನಿಖೆ ನಡೆದು, 2009ರಲ್ಲಿ ಮೇಯರ್ ಬ್ಲೂಮ್‌ಬರ್ಗ್ ಸಾಹೇಬರು ಪತ್ರಕರ್ತರನ್ನು ಕೂಡಿಸಿ ಗುಟ್ಟು ಬಿಚ್ಚಿದರು: ನದಿಯಾಚೆ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಮೆಂತ್ಯದ ಕಾಳು ಸಂಸ್ಕರಿಸುತ್ತಿದ್ದರು! ಮೆಂತ್ಯದಲ್ಲಿರುವ ಸೊಟೊಲೋನ್ ಎಂಬ ವಸ್ತು ತುಸುವೇ ಇದ್ದರೆ ಪಾಕದ ವಾಸನೆ, ಜಾಸ್ತಿಯಾದರೆ ಒಗ್ಗರಣೆಯ ವಾಸನೆ. ತಿಂದವರ ಬೆವರಿನಲ್ಲೂ ಅದು ಹೊರಬರುತ್ತದೆ. ಇಂಡಿಯ ಸಂತೆಯಲ್ಲಿ ಮೆಂತ್ಯದ ಚೀಲ ಬಿಚ್ಚಿದರೆ ಯಾರೂ ಪೊಲೀಸರಿಗೆ ಫೋನು ಮಾಡುವುದಿಲ್ಲ ಅನ್ನುವುದು ನಮ್ಮ ನಾಗರಿಕತೆಯ ಮಟ್ಟಕ್ಕೆ ಸಾಕ್ಷಿ. ಹಿಟ್ಟು, ಬೆಲ್ಲ, ತುಪ್ಪ ಹಾಕಿ ಕಟ್ಟಿದ ಮೆಂತ್ಯದುಂಡಿ ತಿನ್ನುವ ನಮ್ಮ ಬಾಣಂತಿ ಯಾವ ಬಾಟಲಿಯೂ ಇಲ್ಲದೆ ತಾನೇ ಒಂದು ಗುರ್ಮಾಂಡ್ ಸೆಂಟಾಗಿ ಕೂತಿರುತ್ತಾಳೆ.

ಹುಡುಗಿಗೆ 1992 ಅಂದದ್ದು ಬಹಳ ಹಳೆಯದೆನಿಸಿತು. ಅವಳು ಹುಟ್ಟುವುದಕ್ಕೂ ಮುಂಚಿನದು. ನಾನು ಇನ್ನೊಂದು ಸಾವಿರ ವರ್ಷ ಹಿಂದಕ್ಕೆ ಒಯ್ದೆ. ವಯಸ್ಸಾದವರ ಕೈಗೆ ಮಾತು ಸಿಕ್ಕರೆ ಹೀಗೇ ಆಗುವುದು. ಸುಮಾರು 1025ರಲ್ಲಿ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ‘ಲೋಕೋಪಕಾರ’ ಬರೆದ. ಬಾವಿ ತೋಡಲು ನೀರು ಎಲ್ಲಿದೆ ಎಂದು ಹೇಳುವ ಆ ಪುಸ್ತಕದಲ್ಲೇ ಅಡುಗೆಯೂ ಇದೆ, ಸುಗಂಧ ತಯಾರಿಸುವ ಬಗೆಯೂ ಇದೆ. ಅದಾಗಿ ನೂರು ವರ್ಷಕ್ಕೆ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆಸಿದಾಗಲೂ ಅಷ್ಟೆ: ಅರಸ ಅನುಭವಿಸಬೇಕಾದ ಭೋಗಗಳ ಸಾಲಿನಲ್ಲಿ ಅನ್ನಭೋಗವೂ ಬಂತು, ಮೈಗೆ ಗಂಧ ಲೇಪಿಸುವ ವಿಲೇಪನಭೋಗವೂ ಬಂತು. ಇನ್ನು ಥಂಡಿಯ ಸೆಂಟು ಯಾವುದು ಎಂಬ ಪ್ರಶ್ನೆಗೆ ವೈದ್ಯರ ಚೀಟಿಯೇ ಇದೆ. ವಾಗ್ಭಟನ ‘ಅಷ್ಟಾಂಗ ಹೃದಯ’ ಹೇಮಂತ ಋತುವಿನಲ್ಲಿ ಕೇಸರಿ, ಕಸ್ತೂರಿ ಹಚ್ಚಿಕೊಂಡು ಅಗರಿನ ಹೊಗೆ ಹಾಕಿಕೊಳ್ಳಿ ಎನ್ನುತ್ತದೆ. ಅಲ್ಲೇ ಗೋದಿ, ಉದ್ದು, ಕಬ್ಬು, ಹಾಲಿನಿಂದ ಮಾಡಿದ ತಿನಿಸು ತಿನ್ನಿ ಎಂದೂ ಬರೆದಿದೆ. ಸಿಹಿ ತಿನ್ನುವುದು, ಬಿಸಿ ವಾಸನೆ ಹಚ್ಚಿಕೊಳ್ಳುವುದು, ಎರಡಕ್ಕೂ ಒಂದೇ ಋತು.

ನಮ್ಮ ಜಿಲ್ಲೆಯ ಮಾತಿಗೆ ಬಂದರೆ, ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಹಾಡಿಗೆ ಮರುಳಾಗಿ ‘ಕಿತಾಬೆ ನವರಸ್’ ಬರೆದದ್ದು ಎಲ್ಲರಿಗೂ ಗೊತ್ತು. ಅವನ ಕಾಲದಲ್ಲೇ ನಿಜಾಮುದ್ದೀನ್ ಮಹಮೂದ್ ಎಂಬಾತ ಅತ್ತರು, ಧೂಪಗಳ ಬಗ್ಗೆ ‘ಇತ್ರೆ ನವರಸ್ ಶಾಹಿ’ ಎಂಬ ಇಡೀ ಪುಸ್ತಕವನ್ನೇ ಫಾರ್ಸಿಯಲ್ಲಿ ಬರೆದು ಆ ಸುಲ್ತಾನನ ಹೆಸರಿಗೆ ಕಟ್ಟಿದ. ಹದಿನೇಳನೆಯ ಶತಮಾನದ ಹೊಸ್ತಿಲಲ್ಲಿ ವಿಜಯಪುರದ ಅರಮನೆ ಮಂದಿ ‘ಯಾವುದು ಹಚ್ಕೊಳ್ಳಲಿ’ ಎಂದು ಪುಸ್ತಕ ತಿರುವುತ್ತಿದ್ದರು ಅಂದ ಹಾಗಾಯಿತು. ಈಗ ಅದೇ ಜಿಲ್ಲೆಯ ಹುಡುಗಿ ದುಬೈ ಬಾಟಲಿ ಹಿಡಿದು ಮಾಮಾನನ್ನು ಕೇಳುತ್ತಾಳೆ. ವಿದ್ವತ್ತಿನ ಮಟ್ಟ ಇಳಿದಿದೆ, ನಾನು ಒಪ್ಪುತ್ತೇನೆ.

ಇಷ್ಟಾದರೂ ನಿರ್ಣಯ ಆಗಲಿಲ್ಲ. ಫೋನಿನಲ್ಲಿ ಪಂಚಾಯಿತಿ ಕೂಡಿತು.

ಮುದ್ದೇಬಿಹಾಳದಿಂದ ತಂಗಿಯ ಗಂಡ, ನಿವೃತ್ತ ಇತಿಹಾಸದ ಮಾಸ್ತರ್ರು. ಅವರಿಗೆ ಸೆಂಟಿಗಿಂತ ಸೆಂಟಿನ ಹೆಸರಿನ ಮೇಲೆ ಸಿಟ್ಟು. ಖರ್ಜೂರ ಅಂತಾರೆ, ಹಣ್ಣನ್ನು ಹಿಂಡಿ ಎಣ್ಣೆ ತೆಗೆದಿರುತ್ತಾರೇನು? ಪ್ರಾಲಿನ್ ಅಂತಾರೆ, ಯಾವ ಬಾಣಲೆಯಲ್ಲಿ ಹುರಿದರು? ಅವರ ಮಾತು ಖರೆ. ಸೆಂಟಿನೊಳಗಿನ ಹಣ್ಣು, ಮಿಠಾಯಿ ಬಹುತೇಕ ರಸಾಯನಶಾಲೆಯ ಜೋಡಣೆ. ಆದರೆ ನಾನು ಸುಮ್ಮನೆ ಬಿಡಲಿಲ್ಲ. ‘ನಿಮ್ಮ ಕಡೆಯವರು ಹೇಳಬ್ಯಾಡ್ರಿ ಮಾಸ್ತರ್ರ. 1565ರಾಗ ವಿಜಯನಗರದ ರಾಮರಾಯ ಬಿದ್ದ ಯುದ್ಧಕ್ಕ ತಾಳಿಕೋಟಿ ಯುದ್ಧ ಅಂತೀರಿ. ಕಾದಾಡಿದ್ದು ರಕ್ಕಸಗಿ ತಂಗಡಗಿ ಕಡೆ ಅಂತ ನೀವೇ ಸಾಲಿಯಾಗ ಕಲಿಸೀರಿ. ತಾಳಿಕೋಟಿ ಇಲ್ದ ತಾಳಿಕೋಟಿ ಯುದ್ಧ ಆದ್ರ ನಡೀತೈತಿ, ಖಜೂರ ಇಲ್ದ ಖಜೂರದ ಸೆಂಟ ಆದ್ರ ನಡ್ಯಾಂಗಿಲ್ಲೇನು?’ ಅವರು ಆಮೇಲೆ ಅರ್ಧ ತಾಸು ಕೃಷ್ಣಾ ನದಿಯ ದಂಡೆ, ದಾಟುವ ಕಡವು, ತೋಪುಗಳ ಸಾಲು ಇವುಗಳ ಮೇಲೆ ಪಾಠ ಮಾಡಿದರು. ಸೆಂಟು ಮರೆತೇಹೋಯಿತು. ಇದು ನನ್ನ ಉದ್ದೇಶವೂ ಆಗಿತ್ತು.

ಇಂಡಿಯ ಓಣಿಯವರ ಮತ ಬೇರೆ. ನಮ್ಮ ಲಿಂಬೆಗೆ ಜಿಐ ಮಾನ್ಯತೆ ಸಿಕ್ಕಮೇಲೆ ಊರಿನ ಜಂಬ ಒಂದು ಗೇಣು ಏರಿದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಇಲ್ಲೇ. ಪಕ್ಕದ ಮನೆಯ ಲಿಂಬೆ ತೋಟದ ಗೌಡರು ಕೇಳಿದ್ದು ಒಂದೇ: ‘ಎರಡರಾಗ ಲಿಂಬಿ ಯಾವುದ್ರಾಗ ಐತಿ?’ ಖಮ್ರಾದಲ್ಲಿ ಬರ್ಗಮಾಟ್ ಇದೆ, ಲಿಂಬೆಯ ದೂರದ ಬಳಗ ಅಂದೆ. ‘ಹಂಗಾರ ಅದನ್ನ ತಗೋ.’ ಮೂಸಿ ನೋಡಿದರು, ಆ ಹೊತ್ತಿಗೆ ಲಿಂಬೆ ಹಾರಿಹೋಗಿತ್ತು. ಲಿಂಬೆ ಜಾತಿಯ ವಾಸನೆಗಳೆಲ್ಲ ಹಗುರ, ಹಚ್ಚಿದ ಕೆಲ ನಿಮಿಷಕ್ಕೇ ಗಾಳಿಗೆ ಹೋಗುತ್ತವೆ. ತಳದಲ್ಲಿ ಗಟ್ಟಿಯಾಗಿ ಕೂಡುವುದು ವೆನಿಲಾ, ಲೋಬಾನದಂಥ ಭಾರದವು. ಇದನ್ನು ಹೇಳಿದ್ದಕ್ಕೆ ಗೌಡರು ಬೇಸರ ಮಾಡಿಕೊಂಡು, ‘ಕೆಲಸ ಮಾಡಿ ಮೊದಲ ಹೋಗೂದು ನಾವ, ಹೆಸರ ಆಗೂದು ಕೂತ ಉಳದವರದು’ ಎಂದರು. ಅದು ಸೆಂಟಿನ ಮಾತೋ, ಪಂಚಾಯಿತಿ ಚುನಾವಣೆಯ ಮಾತೋ ತಿಳಿಯಲಿಲ್ಲ.

ಸಿಂದಗಿಯ ಅಭಿಪ್ರಾಯ ಚಿಕ್ಕದು. ಮಾವನವರು ಫೋನು ಎತ್ತಿ, ‘ಸೆಂಟಿನ ರೊಕ್ಕಕ್ಕ ಎಷ್ಟ ಪಾಕೀಟು ಬೀಜ ಬರತಾವು?’ ಎಂದು ಕೇಳಿ ಇಟ್ಟರು.

ಬಾಗೇವಾಡಿಯ ಅಕ್ಕನ ಮಾತು ಮಾತ್ರ ತೂಕದ್ದು. ಬಸವಣ್ಣನವರು ಹುಟ್ಟಿದ ಊರಿನವಳೆಂಬ ಕಾರಣಕ್ಕೋ ಏನೋ, ಆಡಂಬರದ ವಿಷಯ ಬಂದರೆ ಅವಳು ದನಿ ಏರಿಸದೆ ಕುಟುಕುತ್ತಾಳೆ. ‘ನಮ್ಮೂರ ಲಗ್ನಕ್ಕ ಬರಾಕಿ ಹೌದಿಲ್ಲೋ? ಅಲ್ಲಿ ಹುಗ್ಗಿ ಕೊಪ್ಪರಿಗಿ ಇಳಿಸಿರ್ತಾರ. ಕುಟ್ಟಿದ ಗೋದಿ, ಬೆಲ್ಲ, ಕೊಬ್ಬರಿ, ಗಸಗಸಿ, ಜಾಜಿಕಾಯಿ, ಯಾಲಕ್ಕಿ. ಮ್ಯಾಲ ತುಪ್ಪ. ಆ ಘಮದಾಗ ನಿನ್ನ ಖಮ್ರಾ ಯಾರ ಮೂಗಿಗೆ ಹತ್ತಬೇಕು?’

ಹುಡುಗಿ ಮೊದಲ ಸಲ ಬಾಟಲಿ ಕೆಳಗಿಟ್ಟು ಯೋಚಿಸಿದಳು. ಸಿಹಿ ಸೆಂಟನ್ನು ವಿಮರ್ಶೆ ಮಾಡುವವರು ಬರ್ಫು ಬೀಳುವ ಊರುಗಳಲ್ಲಿ, ವಾಸನೆಯೇ ಇಲ್ಲದ ಕಚೇರಿಗಳಲ್ಲಿ ಕೂತಿರುತ್ತಾರೆ. ಅವರ ಸುತ್ತ ಥಂಡಿಗೆ ವಾಸನೆಯೇ ಇಲ್ಲ, ಹೀಗಾಗಿ ಬಾಟಲಿಯಿಂದ ತರಬೇಕು. ನಮ್ಮ ಥಂಡಿ ಹಾಗಲ್ಲ. ಭೀಮಾ ತೀರದಲ್ಲಿ ಕಬ್ಬು ನುರಿಸಲು ಶುರುವಾದರೆ ಬೈಗಿನ ಗಾಳಿಯಲ್ಲಿ ಕಾಕಂಬಿಯ ವಾಸನೆ. ಗೌರಿ ಹುಣ್ಣಿಮೆಗೆ ಸಕ್ಕರಿ ಆರತಿ. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವಾಗ ಸಜ್ಜಿ ಕಡಬು, ಶೇಂಗಾ ಹೋಳಿಗೆ. ಮುಂದೆ ಎಳೆಯ ಜೋಳದ ತೆನೆ ಕುಳ್ಳಿನ ಕೆಂಡದಲ್ಲಿ ಸುಟ್ಟು ಉದುರಿಸಿದ ಸೀತನಿ, ಕಡ್ಲಿಯ ಸುಲಗಾಯಿ. ಸಂಕ್ರಮಣಕ್ಕೆ ಕುಸರೆಳ್ಳು. ಶೇಂಗಾ ಹುರಿದಾಗ ಮೂಗಿಗೆ ಬಡಿಯುವ ಪೈರಜೀನ್ ಎಂಬ ಜಾತಿಯ ರಾಸಾಯನಿಕಗಳನ್ನೇ ಸೆಂಟಿನವರು ಕಾಫಿ, ಬಾದಾಮಿಯ ವಾಸನೆ ಕಟ್ಟಲು ಹನಿ ಲೆಕ್ಕದಲ್ಲಿ ಬಳಸುತ್ತಾರೆ. ನಮ್ಮಲ್ಲಿ ಅದು ಹಂಚಿನ ಲೆಕ್ಕದಲ್ಲಿ ಸಿಗುತ್ತದೆ. ಸುತ್ತಲೂ ಇಷ್ಟು ಸಿಹಿ ಇರುವಾಗ ಮೈಮೇಲೂ ಸಿಹಿ ಸುರಿದುಕೊಂಡರೆ ಮನುಷ್ಯ ಎಲ್ಲಿದ್ದಾನೆಂದೇ ಪತ್ತೆ ಹತ್ತುವುದಿಲ್ಲ.

ಇನ್ನೊಂದು ಅಡಚಣಿ. ವಿಜಯಪುರದ ಥಂಡಿ ಎರಡು ಪಾಳಿಯಲ್ಲಿ ದುಡಿಯುತ್ತದೆ. ಸಂಜೆ ಹತ್ತಿದ್ದು ಬೆಳಿಗ್ಗೆ ಒಂಬತ್ತಕ್ಕೆ ಇಳಿಯುತ್ತದೆ. ಡಿಸೆಂಬರ್, ಜನವರಿಯ ಕೆಲವು ರಾತ್ರಿ ಹತ್ತು ಡಿಗ್ರಿಯ ಕೆಳಗೂ ಹೋಗುವುದುಂಟು. ಅದೇ ದಿನ ಮಧ್ಯಾಹ್ನ ಮೂವತ್ತರ ಹತ್ತಿರ. ಥಂಡಿಯಲ್ಲಿ ಸೆಂಟು ನಿಧಾನ ಏಳುತ್ತದೆ, ಅದಕ್ಕೇ ಭಾರದ ಸಿಹಿ ವಾಸನೆಗಳು ಆಗ ಹಿತ. ಬಿಸಿಲು ಏರಿದಂತೆ ಚರ್ಮದ ಮೇಲಿನದೆಲ್ಲ ಒಮ್ಮೆಗೇ ಏಳುತ್ತದೆ. ಮುಂಜಾನೆ ಏಳರ ಬಸ್ಸಿಗೆ ಕಿಟಕಿ ಮುಚ್ಚಿಕೊಂಡು, ಸ್ವೆಟರ್ ಹಾಕಿಕೊಂಡು, ನಾಲ್ಕು ಸಲ ಖಮ್ರಾ ಹೊಡೆದುಕೊಂಡು ಹತ್ತಿದ ಹುಡುಗಿ ಹನ್ನೊಂದರ ಹೊತ್ತಿಗೆ ಪಕ್ಕದವರ ತಲೆಶೂಲೆಗೆ ಕಾರಣಳಾಗುತ್ತಾಳೆ. ಕಹ್ವಾದಲ್ಲಿ ಶುಂಠಿ, ಏಲಕ್ಕಿ, ಕಾಫಿಯ ಕಹಿ ಇರುವುದರಿಂದ ಬಿಸಿಲಿನಲ್ಲಿ ಅದು ಅಷ್ಟು ಜಿಗುಟಾಗುವುದಿಲ್ಲ. ಹೆಚ್ಚೆಂದರೆ ಯಾರಿಗಾದರೂ ಚಹಾದ ಚಟ ಕೆದರಿ ಮುಂದಿನ ಸ್ಟಾಪಿನಲ್ಲಿ ಇಳಿದಾರು. ಕಂಡಕ್ಟರಿಗೆ ನಷ್ಟವಿಲ್ಲ, ಟಿಕೀಟು ಮೊದಲೇ ಹರಿದಿರುತ್ತಾನೆ.

ನೋಡಿ ತೀರ್ಮಾನಿಸುವ ರೀತಿಯನ್ನೂ ಸ್ವಲ್ಪ ಕಲಿಸಬೇಕಾಯಿತು. ಅಂಗಡಿಯ ಕಾಗದದ ಪಟ್ಟಿಯನ್ನು ನಂಬಬಾರದು, ಕಾಗದಕ್ಕೆ ಬೆವರು ಬರುವುದಿಲ್ಲ. ಎಡಗೈಗೊಂದು ಬಲಗೈಗೊಂದು ಹಚ್ಚಿಕೊಂಡು ಮನೆಗೆಲಸ ಮಾಡುತ್ತ ಮಧ್ಯಾಹ್ನದ ತನಕ ಬಿಡಬೇಕು. ಮೂಗಿಗೆ ಬೇಸರ ಬಂದರೆ ಅಂಗಡಿಗಳಲ್ಲಿ ಕಾಫಿ ಬೀಜ ಮೂಸಿಸುತ್ತಾರೆ. ಪ್ರಯೋಗ ಮಾಡಿ ನೋಡಿದವರು ಅದರಿಂದ ಬರೀ ಗಾಳಿ ಉಸಿರಾಡಿದ್ದಕ್ಕಿಂತ ಹೆಚ್ಚು ಲಾಭವಿಲ್ಲ ಎಂದಿದ್ದಾರೆ. ಅದರಲ್ಲೂ ಕಾಫಿ ಸೆಂಟನ್ನು ಪರೀಕ್ಷಿಸಲು ಕಾಫಿ ಬೀಜ ಮೂಸುವುದು ನನಗಂತೂ ತಮಾಷೆ ಎನಿಸುತ್ತದೆ. ಅಂಗಳಕ್ಕೆ ಬಂದು ನಿಂತರೆ ಆಯಿತು. ಮೈಯಿಂದ ಮೈಗೆ ವಾಸನೆ ಬದಲಾಗುವುದೂ ನಿಜ. ನಮ್ಮ ದವನದ ಎಣ್ಣೆಗೆ ಪರದೇಶದ ಸೆಂಟುಗಾರರಲ್ಲಿ ಆ ಗುಣಕ್ಕೇ ಹೆಸರು, ಒಬ್ಬೊಬ್ಬರ ಚರ್ಮದ ಮೇಲೆ ಒಂದೊಂದು ಥರ ಅಂತ. ನಮ್ಮ ದೇವರಿಗೆ ದವನದ ಹುಣ್ಣಿಮೆಗೆ ಏರಿಸಿದಾಗ ಹೇಗೆ ಬರುತ್ತದೋ ದೇವರೇ ಬಲ್ಲ.

ಹುಡುಗಿ ಹಾಗೇ ಮಾಡಿದಳು. ಎರಡು ಕೈಗೆ ಎರಡು ಹಚ್ಚಿಕೊಂಡು ಅಜ್ಜಿಯ ಜೊತೆ ಶೇಂಗಾ ಸುಲಿಯಲು ಕೂತಳು. ಮಧ್ಯಾಹ್ನ ಬಿಸಿಲು ಪಡಸಾಲೆಗೆ ಬಂದಾಗ ಅವ್ವ ಎಡಗೈ ಹಿಡಿದು ದೂರ ಸರಿಸಿದಳು, ಬಲಗೈ ಹಿಡಿದು, ‘ಏ, ಚಹಾ ಇಡಬೇ’ ಅಂದಳು. ತೀರ್ಪಿಗೆ ಇನ್ನೇನು ಬೇಕು? ಮದುವೆಗೆ ಕಹ್ವಾ ಹೋಗಬೇಕು, ಅದೂ ಕುತ್ತಿಗೆಗೆ ಒಂದೇ ಸಲ, ಉಳಿದದ್ದು ಉಣ್ಣೆಯ ಶಾಲಿಗೆ. ಉಣ್ಣೆ ವಾಸನೆಯನ್ನು ದಿನಗಟ್ಟಲೆ ಹಿಡಿದಿಡುತ್ತದೆ, ಬಿಸಿಲು ಬಂದರೆ ಶಾಲು ತೆಗೆದು ಮಡಚಿ ಚೀಲಕ್ಕೆ ಹಾಕಲು ಬರುತ್ತದೆ. ಕೊರಳು ತೆಗೆದು ಚೀಲಕ್ಕೆ ಹಾಕಲು ಬರುವುದಿಲ್ಲ.

ಖಮ್ರಾ ಯಾರಿಗೆ ಎಂಬುದಕ್ಕೆ ಹೆಚ್ಚು ವಾದವಾಗಲಿಲ್ಲ. ಸಿಂದಗಿಯ ನಾದಿನಿಗೆ ಈಗ ಏಳು ತಿಂಗಳು, ಕುಬಸದ ದಿನ ಕೊಡಬೇಕೆಂದು ಹೆಂಡತಿ ಬೀರುವಿನಲ್ಲಿಟ್ಟಳು. ‘ಹಂಗಾರ ಲೋಬಾನದ ಖರ್ಚ ಉಳೀತು’ ಅಂದಳು ಅವ್ವ. ಕೂಸಿನ ಹತ್ತಿರ ಸೆಂಟು ಹೊಡೆಯಬಾರದು ಎಂದು ಹುಡುಗಿ ಬೆಂಗಳೂರಿನ ದನಿಯಲ್ಲಿ ಎಚ್ಚರಿಸಿದಳು. ಹೊಗೆ ಹಾಕಿ ಹಾಕಿ ನಾಲ್ಕು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವಳು ನನ್ನ ಕಡೆ ನೋಡಿದಳು. ಆ ನಾಲ್ವರಲ್ಲಿ ನಾನೂ ಒಬ್ಬ, ಹೀಗಾಗಿ ಅವಳ ಪರವಾಗಿ ಸಾಕ್ಷಿ ಹೇಳುವಷ್ಟು ಬುದ್ಧಿ ಬೆಳೆದಿದೆಯೋ ಇಲ್ಲವೋ ಎಂಬುದೇ ಪ್ರಶ್ನೆ.

ಶಿವರಾತ್ರಿ ದಾಟಿದರೆ ಎರಡೂ ಬಾಟಲಿಗಳಿಗೆ ರಜೆ. ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಖರ್ಜೂರ, ಪಾಕ, ಕಾಫಿ ಹಚ್ಚಿಕೊಂಡು ಹೊರಬೀಳುವವರನ್ನು ತಡೆಯಲು ಕಾನೂನು ಬೇಕು ಅಂತ ನನ್ನ ಮತ. ಸೆಂಟಿಗೆ ಬಿಸಿಲೂ ಬೆಳಕೂ ಆಗಿಬರುವುದಿಲ್ಲ, ಡಬ್ಬಿಯಲ್ಲೇ ಇಟ್ಟು ಟ್ರಂಕಿನ ತಳಕ್ಕೆ, ಇಳಕಲ್ ಸೀರೆಗಳ ಕೆಳಗೆ ಸೇರಿಸಬೇಕು. ಬೇಸಿಗೆಗೆ ಏನು ಹಚ್ಕೊಳ್ಳಲಿ ಎಂದು ಹುಡುಗಿ ಈಗಲೇ ಕೇಳಿಟ್ಟಿದ್ದಾಳೆ. ಪಕ್ಕದ ಗೌಡರು ಗೋಡೆಯಾಚೆಯಿಂದ ಕೇಳಿಸಿಕೊಂಡು ಗಂಟಲು ಸರಿಮಾಡಿಕೊಂಡರು. ಅಷ್ಟೊತ್ತಿಗೆ ಲಿಂಬೆಯ ರೇಟು ಏರಿರುತ್ತದೆ, ಆಗ ಇಂಡಿಯವರ ಮಾತಿಗೂ ರೇಟು ಬರುತ್ತದೆ.